ಅಜ್ಜಿಯ ಅಶೋಕವೂ ಗೇಟಿನ ಕರೆಯ ಅಶೋಕವೂ

ಕಳುದ ವಾರ ಮೆಲ್ಕಾರಿಲಿ ಬಸ್ಸಿಂಗೆ ಕಾದೊಂಡು ನಿಂದಿಪ್ಪಗ ಹತ್ತರಾಣ ಮನೆಯ ಅಕ್ಕ ಒಂದು ಸಂಗತಿ ಕೇಳಿತ್ತು. ಮೆಲ್ಲಂಗೆ, ಆಚಿಕೆ ನಿಂದವಕ್ಕೆ ಕೇಳದ್ದ ಹಾಂಗೆ. "ಎಂಗಳ ಗೇಟಿನ ಕರೆಲಿ ಸಾಲಾಗಿ ಅಶೋಕ ಇದ್ದಲ್ಲದಾ? ಅದರ ಕೆತ್ತೆ ಕೊದಿಶಿ ಕುಡುದರೆ ತಿಂಗಳ ತೊಂದರೆ ಕಮ್ಮಿ ಆವ್ತಾಡ. ಅಪ್ಪೋ?"

ಅಷ್ಟಪ್ಪಗ ಬಸ್ಸು ಬಂತು. "ಕುಡಿಯೆಡ ಅಕ್ಕಾ, ಅದು ಅಶೋಕವೇ ಅಲ್ಲ" ಹೇಳಿಕ್ಕಿ ಹತ್ತಿದೆ. ಸೀಟಿಲಿ ಕೂದ ಮತ್ತೆ ಮನಸ್ಸಿಂಗೆ ಸಮಾಧಾನ ಆಯಿದಿಲ್ಲೆ. ಕುಡಿಯೆಡ ಹೇಳಿದ್ದು ಸರಿ, ಎಂತಗೆ ಹೇಳಿ ಹೇಳಿದ್ದಿಲ್ಲೆನ್ನೆ. ಆ ಉತ್ತರದ ಬಾಕಿಯ ಇಂದು ಇಲ್ಲಿ ಬರೆತ್ತಾ ಇದ್ದೆ. ಆ ಅಕ್ಕಂಗೂ, ಹಾಂಗೇ ಕೇಳೆಕ್ಕು ಹೇಳಿ ಇದ್ದುಗೊಂಡು ಕೇಳದ್ದೆ ಕೂದ ಬಾಕಿ ಅಕ್ಕಂದ್ರಿಂಗೂ.

ಸುರುವಿಂಗೆ ಎರಡು ಮರವ ಬೇರೆ ಬೇರೆ ಮಾಡುವ. ಗೇಟಿನ ಕರೆಲಿ, ಶಾಲೆಯ ಜಾಲಿಲಿ, ಮದುವೆ ಹಾಲಿನ ಎದುರೆ ಕಂಬದ ಹಾಂಗೆ ಸರ್ತ ಮೇಲೆ ಹೋಪ ಮರ, ಗೆಲ್ಲೆಲ್ಲ ಕೆಳಂಗೆ ನೇಲಿಗೊಂಡು, ಎಲೆ ಉದ್ದಕೆ, ಎಲೆಯ ಕರೆ ಅಲೆ ಅಲೆ ಇಪ್ಪದು — ಅದು ಕಂಬದ ಮರ. ಸೀತಾಫಲದ ಕುಟುಂಬದ್ದು. ಅದರ ಹೂಗು ತೆಳು ಹಸುರು, ಎಲೆಯೆಡಕ್ಕಿಲಿ ಹುಡುಕ್ಕಿರೆ ಮಾತ್ರ ಕಾಂಗು. ನೋಡ್ಲೆ ಚೆಂದ, ಮಾರ್ಗದ ಧೂಳಿಂಗೆ ಪರದೆಯ ಹಾಂಗೆ ಆವ್ತು, ಬೇಗ ಬೆಳೆತ್ತು. ಅದಕ್ಕೆ ಆರೋ ಅಶೋಕ ಹೇಳಿ ಹೆಸರು ಮಡಗಿದವು, ನರ್ಸರಿಯವೂ ಅದೇ ಹೆಸರಿಲಿ ಮಾರಿದವು, ನಾವೂ ಅದೇ ಹೆಸರಿಲಿ ನೆಟ್ಟೆಯೊ°. ಹಾಂಗಾಗಿ ನಮ್ಮ ಮಕ್ಕೊಗೆ ಅಶೋಕ ಹೇಳಿರೆ ಅದೇ.

ನಿಜವಾದ ಅಶೋಕ ಸಣ್ಣ ಮರ. ಹೆಚ್ಚು ಹೇಳಿರೆ ಮೂವತ್ತು ಅಡಿ. ಇಡೀ ವರ್ಷ ಹಸುರು. ಅಳತ್ತೊಂಡೆ, ತೊಗರಿ, ಹೊಂಗೆ ಎಲ್ಲ ಸೇರಿದ ಕೋಡಿನ ಕುಟುಂಬದ್ದು ಇದು. ಅದರೊಳವೂ ನಮ್ಮ ಹುಳಿಮರದ ಹತ್ತರಾಣ ನೆಂಟ. ಒಂದು ಎಲೆದಂಡಿಲಿ ಮೂರರಿಂದ ಆರು ಜೋಡಿ ಎಲೆಗೊ. ಹೊಸ ಚಿಗುರು ಬಪ್ಪಗ ತಾಮ್ರದ ಬಣ್ಣಲ್ಲಿ, ಚೆಂಡಿ ವಸ್ತ್ರ ನೇಲುಸಿದ ಹಾಂಗೆ ಜೋಲಿಗೊಂಡಿರ್ತು. ಹೂಗು ಬಪ್ಪದು ಗೆಲ್ಲಿನ ಕೊಡಿಲಿ ಮಾತ್ರ ಅಲ್ಲ, ಹಳೆ ಗೆಲ್ಲಿನ ಮೈಗೆ ಅಂಟಿಗೊಂಡೂ ಬತ್ತು. ಸುರುವಿಂಗೆ ಅರಿಶಿನ ಕಿತ್ತಳೆ, ಮತ್ತೆ ಕೆಂಪು. ಒಂದೇ ಗೊಂಚಲಿಲಿ ಎರಡೂ ಬಣ್ಣ ಕಾಣ್ತು. ಇನ್ನೊಂದು ವಿಶೇಷ ಎಂತ ಹೇಳಿರೆ, ಆ ಹೂಗಿಂಗೆ ನಿಜವಾಗಿ ಎಸಳೇ ಇಲ್ಲೆ. ನಾವು ಎಸಳು ಹೇಳಿ ಗ್ರೇಶುವ ಆ ನಾಲ್ಕು ತುಂಡು, ಮೊಗ್ಗಿನ ಹೆರಾಣ ತೊಟ್ಟೆ ಬಣ್ಣ ತೆಕ್ಕೊಂಡದು. ಇರುಳಪ್ಪಗ ಪರಿಮ್ಮಳ ಜಾಸ್ತಿ.

ಎನ್ನ ಅಜ್ಜನಮನೆಲಿ ಅದು ತೋಡಿನ ಕರೆಲಿ, ಅಡಕ್ಕೆ ತೋಟಕ್ಕೆ ಇಳಿವ ದಾರಿಲಿ ಇತ್ತು. ಆರು ನೆಟ್ಟದು ಹೇಳಿ ಅಜ್ಜಿಗೂ ಗೊಂತಿತ್ತಿಲ್ಲೆ. ಅದು ಮದುವೆ ಆಗಿ ಬಪ್ಪಗಳೇ ಮರ ದೊಡ್ಡ ಇತ್ತಾಡ. ಕುಂಭ ಮೀನ ತಿಂಗಳಿಲಿ ಹೂಗು ಬಿಟ್ಟಪ್ಪಗ ಎಂಗೊ ಮಕ್ಕೊ ಉದಿಯಪ್ಪಗ ಓಡಿ ಹೋಗಿ ಕೆಳ ಬಿದ್ದದರ ಹೆರ್ಕುದು. ಅಜ್ಜಿ ಅದರ ತೊಳದು, ರಜ್ಜ ತುಪ್ಪಲ್ಲಿ ಬಾಡ್ಸಿ, ಜೀರಿಗೆ, ನಾಲ್ಕು ಗೆಣಮೆಣಸು, ಕಾಯಿ ತುರಿ ಹಾಕಿ ಕಡದು, ಮಜ್ಜಿಗೆ ಸೇರ್ಸಿ ತಂಬುಳಿ ಮಾಡುಗು. ಆ ತಂಬುಳಿಗೆ ರಜ್ಜ ಒಗರು ಇರ್ತು. "ಕೂಸುಗೊ ಒಂದು ಸೌಟು ಜಾಸ್ತಿ ಉಂಬಲಕ್ಕು" ಹೇಳುಗು. ಎಂತಗೆ ಹೇಳಿ ಎಂಗೊ ಕೇಳಿದ್ದಿಲ್ಲೆ, ಅಜ್ಜಿ ಹೇಳಿದ್ದೂ ಇಲ್ಲೆ. ಹತ್ತು ಹನ್ನೆರಡು ವರ್ಷ ಆದ ಮತ್ತೆ ಗೊಂತಾತು.

ಈ ಮರದ ಕತೆ ಅಜ್ಜಿಯ ಅಟ್ಟುಂಬೊಳಂದ ಎಷ್ಟೋ ಹಳತ್ತು. ಅಶೋಕವನ ಹೇಳಿದ ಕೂಡ್ಲೆ ನವಗೆ ಸೀತೆಯ ನೆಂಪಾವ್ತು. ಸೀತೆ ಅಶೋಕದ ಮರದ ಬುಡಲ್ಲಿ ಕೂದೊಂಡಿತ್ತು ಹೇಳಿ ಎಲ್ಲೋರೂ ಗ್ರೇಶಿದ್ದು. ವಾಲ್ಮೀಕಿ ರಾಮಾಯಣದ ಸುಂದರಕಾಂಡಲ್ಲಿ ನೋಡಿರೆ, ವನ ಅಶೋಕದ್ದು ಅಪ್ಪು, ಆದರೆ ಹನುಮಂತ ಸೀತೆಯ ಕಂಡದು ಶಿಂಶಪಾ ಮರದ ಬುಡಲ್ಲಿ. ಶೋಕ ಇಲ್ಲದ್ದ ಮರದ ವನಲ್ಲಿ ಶೋಕಲ್ಲಿ ಕೂದ ಹೆಣ್ಣು. ಹೆಸರು ಒಂದು, ಅವಸ್ಥೆ ಇನ್ನೊಂದು.

ಕಾಳಿದಾಸನ ಮಾಳವಿಕಾಗ್ನಿಮಿತ್ರಲ್ಲಿ ಇನ್ನೊಂದು ಸಂಗತಿ ಬತ್ತು. ಹೆಣ್ಣಿನ ಕಾಲು ಸೋಂಕಿರೆ ಅಶೋಕ ಹೂಗು ಬಿಡ್ತು ಹೇಳಿ ಹಳಬ್ಬರ ನಂಬಿಕೆ. ರಾಣಿ ಧಾರಿಣಿ ಉಯ್ಯಾಲೆಂದ ಬಿದ್ದು ಕಾಲು ಬೇನೆ ಮಾಡಿಗೊಂಡಿತ್ತು. ಹಾಂಗಾಗಿ ಆ ಕೆಲಸಕ್ಕೆ ಮಾಳವಿಕೆಯ ಕಳುಸಿತ್ತು. ಐದು ಇರುಳಿನ ಒಳ ಹೂಗು ಬಂದರೆ ನಿನ್ನ ಆಶೆ ನಡೆಶಿ ಕೊಡ್ತೆ ಹೇಳಿ ಮಾತು ಕೊಟ್ಟತ್ತು. ಹೂಗು ಬಂತು, ರಾಣಿ ಮಾತು ಒಳಿಶಿಗೊಂಡತ್ತು. ನಾಟಕದ ಇಡೀ ಕತೆ ಈ ಮರದ ಬುಡಲ್ಲಿ ತಿರುಗುತ್ತು. ಮನ್ಮಥನ ಐದು ಹೂಗಿನ ಬಾಣಲ್ಲಿಯೂ ಅಶೋಕ ಒಂದು.

ದೂರ ಹೋಪದು ಬೇಡ, ಮೂಡುಬಿದಿರೆಗೆ ಹೋಪ. ಅಲ್ಯಾಣ ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು, ಚಂದ್ರನಾಥ ಸ್ವಾಮಿಯ ಬಸದಿ. ಜೈನರಲ್ಲಿ ತೀರ್ಥಂಕರರಿಂಗೆ ಎಂಟು ಪ್ರಾತಿಹಾರ್ಯಂಗೊ ಹೇಳಿ ಇದ್ದು. ಮೂರು ಕೊಡೆ, ಸಿಂಹಾಸನ, ಚಾಮರ, ಪ್ರಭಾಮಂಡಲ, ದೇವದುಂದುಭಿ, ಹೂಗಿನ ಮಳೆ, ದಿವ್ಯಧ್ವನಿ — ಅದರೊಟ್ಟಿಂಗೆ ಅಶೋಕವೃಕ್ಷ. ಹತ್ತೊಂಬತ್ತನೇ ತೀರ್ಥಂಕರ ಮಲ್ಲಿನಾಥಂಗೆ ಸೇರಿದ ಮರವೂ ಅಶೋಕವೇ. ಈ ಮಲ್ಲಿನಾಥ ಗೆಂಡು ಹೇಳಿ ದಿಗಂಬರರು ಹೇಳ್ತವು, ಹೆಣ್ಣು ಹೇಳಿ ಶ್ವೇತಾಂಬರರು ಹೇಳ್ತವು. ಅಶೋಕ ಇಪ್ಪಲ್ಲಿ ಹೆಣ್ಣಿನ ಕತೆ ಹೇಂಗೋ ಬಂದು ಸೇರ್ತು ನೋಡಿ. ಬಂಗಾಳಲ್ಲಿ ಚೈತ್ರ ಶುದ್ಧ ಷಷ್ಠಿಯ ದಿನ ಅಬ್ಬೆಕ್ಕೊ ಮಕ್ಕಳ ಹೆಸರಿಲಿ ವ್ರತ ಮಾಡಿ ಅಶೋಕದ ಮೊಗ್ಗು ನುಂಗುತ್ತವು. ಎನ್ನ ಅಜ್ಜಿ ಬಂಗಾಳ ಕಂಡ ಜನ ಅಲ್ಲ. ಆದರೆ ಅವರ ವ್ರತವೂ ನಮ್ಮ ತಂಬುಳಿಯೂ ಬಪ್ಪದು ಒಂದೇ ಸಮಯಲ್ಲಿ, ಒಂದೇ ಮರಂದ.

ಇನ್ನು ಮದ್ದಿನ ಸಂಗತಿ. ಚರಕ ಸಂಹಿತೆಲಿ ಬೇನೆ ತಗ್ಗುಸುವ ಹತ್ತು ಮದ್ದಿನ ಒಂದು ಗುಂಪು ಇದ್ದು, ಅದರ್ಲಿ ಅಶೋಕದ ಹೆಸರಿದ್ದು. ಹೆಮ್ಮಕ್ಕಳ ರಕ್ತಸ್ರಾವಕ್ಕೆ ಇದುವೇ ಮದ್ದು ಹೇಳಿ ಸ್ಪಷ್ಟ ಅಪ್ಪದು ಮತ್ತಾಣ ಕಾಲಲ್ಲಿ. 11ನೇ ಶತಮಾನಲ್ಲಿ ಬಂಗಾಳದ ಚಕ್ರಪಾಣಿದತ್ತನ ಗ್ರಂಥಲ್ಲಿ, ಅಶೋಕದ ಕೆತ್ತೆಯ ಕಷಾಯ ಹಾಕಿ ಕಾಸಿದ ಹಾಲು ಕೊಡುವ ಕ್ರಮ ಇದ್ದು. ನಾವು ಅಂಗಡಿಂದ ಕುಪ್ಪಿಲಿ ತಪ್ಪ ಅಶೋಕಾರಿಷ್ಟದ ಲೆಕ್ಕ ಬಪ್ಪದು ಭೈಷಜ್ಯರತ್ನಾವಳಿ ಹೇಳುವ ಇನ್ನೂ ಹೊಸ ಗ್ರಂಥಂದ. ನಮ್ಮ ಹೆಮ್ಮಕ್ಕಳ ಬಾಯಿಲಿ ಇಪ್ಪ ಮದ್ದು ಒಂದೇ ದಿನಲ್ಲಿ ಹುಟ್ಟಿದ್ದಲ್ಲ. ಶತಮಾನಂಗಳ ಲೆಕ್ಕಲ್ಲಿ ರಜ್ಜ ರಜ್ಜವೇ ಸೇರಿ ಬಂದದು.

ಮತ್ತೆ ಬಂದದು ಪರಂಗಿಗಳ ಕಾಲ. ಕೊಚ್ಚಿಲಿ ಡಚ್ಚರ ಅಧಿಕಾರಿ ಆಗಿದ್ದ ವಾನ್ ರೀಡ್ ಮಲೆಯಾಳದ ಗೆಡುಮರಂಗಳ ಚಿತ್ರ ಬರೆಶಿ, 'ಹೊರ್ಟಸ್ ಮಲಬಾರಿಕಸ್' ಹೇಳುವ ಹನ್ನೆರಡು ಸಂಪುಟದ ಪುಸ್ತಕ ಮಾಡಿಸಿದವು. 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡ್ಯಾಮಿಲಿ ಅಚ್ಚಾತು. ಅದಕ್ಕೆ ವಿಷಯ ಹೇಳಿ ಕೊಟ್ಟವು ಇಟ್ಟಿ ಅಚ್ಯುದನ್ ಹೇಳುವ ಈಳವ ವೈದ್ಯರು, ಒಟ್ಟಿಂಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಹೇಳುವ ಮೂರು ಜನ ಕೊಂಕಣಿ ಪಂಡಿತರು. ಆ ಪುಸ್ತಕದ ಐದನೇ ಸಂಪುಟಲ್ಲಿ ನಮ್ಮ ಅಶೋಕ 'ಅಶೋಗಂ' ಹೇಳುವ ಹೆಸರಿಲಿ ಇದ್ದು. ಹೆಮ್ಮಕ್ಕಳ ಹೆಸರು ಅದರ್ಲಿ ಇಲ್ಲೆ. ಕೆತ್ತೆ ತೆಗವದು ಹೇಂಗೆ, ಹೂಗಿನ ಎಂತ ಮಾಡ್ಲಕ್ಕು ಹೇಳಿ ಆ ವೈದ್ಯರ ಮನೆಯ ಅಬ್ಬೆಕ್ಕೊಗೆ ಗೊಂತಿಲ್ಲದ್ದೆ ಇಕ್ಕೋ? ಆದರೆ ಅವರತ್ರೆ ಆರೂ ದಸ್ಕತ್ತು ಕೇಳಿದ್ದವಿಲ್ಲೆ.

ಕಲ್ಕತ್ತಲ್ಲಿ ಸರ್ ವಿಲಿಯಂ ಜೋನ್ಸ್ ಹೇಳುವ ಜಡ್ಜು ಈ ಮರದ ಹೂಗಿಂಗೆ ಮರುಳಾಗಿ, ಇದಕ್ಕಿಂತ ಚೆಂದದ ಮರ ಸಿಕ್ಕುದು ಕಷ್ಟ ಹೇಳ್ತ ಅರ್ಥಲ್ಲಿ ಬರದವು. ಅವು 1794ರಲ್ಲಿ ತೀರಿಹೋದವು. ಮರುವರ್ಷ ಸಸ್ಯಶಾಸ್ತ್ರಿ ರಾಕ್ಸ್‌ಬರ್ಗ್ ಅವರ ನೆಂಪಿಂಗೆ ಈ ಮರಕ್ಕೆ 'ಜೋನೇಸಿಯಾ ಅಸೋಕ' ಹೇಳಿ ಹೆಸರು ಮಡಗಿದವು. ಆ ಹೆಸರು ಒಳುದ್ದಿಲ್ಲೆ. ಜಾವಾದ ಹೊಡೆಲಿ ಇದರ ಹಾಂಗೇ ಇಪ್ಪ ಇನ್ನೊಂದು ಮರ ಇದ್ದು, ಅದರ ಹೆಸರು 'ಸರಾಕಾ ಇಂಡಿಕಾ'. ಸುಮಾರು ಕಾಲ ನಮ್ಮ ಮರವನ್ನೂ ಅದೇ ಹೆಸರಿಲಿ ದಿನಿಗೇಳಿದವು. ಎರಡೂ ಬೇರೆ ಬೇರೆ ಹೇಳಿ ಸರಿ ಮಾಡಿದ್ದು 1968ರಲ್ಲಿ. ಅಂದಿಂದ ನಮ್ಮದು 'ಸರಾಕಾ ಅಸೋಕ'. ದೊಡ್ಡ ದೊಡ್ಡ ವಿದ್ವಾಂಸರೇ ಅಶೋಕವ ಗುರ್ತ ಹಿಡಿವಲೆ ತಪ್ಪಿದ್ದವು. ಹಾಂಗಾಗಿ ಬಸ್‌ಸ್ಟೇಂಡಿನ ಅಕ್ಕ ತಪ್ಪಿರೆ ಅದರ್ಲಿ ನಾಚಿಕೆ ಎಂತ ಇದ್ದು?

ಈಗ ಅಜ್ಜಿಯ ಮರದ ಕತೆಗೆ ಬತ್ತೆ. ಅಜ್ಜಿಗೆ ಕೆತ್ತೆ ತೆಗವಲೆ ಒಂದು ಕ್ರಮ ಇತ್ತು. ಆರಾರು ಕೇಳಿಂಡು ಬಂದರೆ ತಾನೇ ಕತ್ತಿ ಹಿಡ್ಕೊಂಡು ಹೋಕು. ಮರದ ಒಂದೇ ಹೊಡೆಂದ, ಅಂಗೈ ಅಗಲಕ್ಕೆ, ಉದ್ದಕೆ ಒಂದು ಪಟ್ಟಿ. ಸುತ್ತ ತೆಗವಲೇ ಆಗ. ಆ ಗಾಯಕ್ಕೆ ಸಗಣ ಮೆತ್ತುಗು. ಒಂದರಿ ಮೂಡ ಹೊಡೆಂದ ತೆಗದರೆ, ಆ ಗಾಯ ಮುಚ್ಚಿ ಹೊಸ ಕೆತ್ತೆ ಬಪ್ಪನ್ನಾರ ಅಲ್ಲಿ ಮುಟ್ಟ. ಮತ್ತೆ ತೆಗವದಿದ್ದರೆ ಪಡು ಹೊಡೆಂದ. ಬೇಕಾದಷ್ಟೇ ಕೊಡುಗು, ಪೈಸೆ ತೆಕ್ಕೊಳ. "ಮರಕ್ಕೂ ನೆತ್ತರು ಕೆತ್ತೆಯ ಅಡಿಲೇ ಹರಿವದು" ಹೇಳುಗು. ಅದು ಶಾಲೆಗೆ ಹೋದ ಅಜ್ಜಿ ಅಲ್ಲ. ಆದರೆ ಎಲೆಲಿ ಆದ ಆಹಾರ ಬೇರಿಂಗೆ ಇಳಿವದು ಕೆತ್ತೆಯ ಒಳಾಣ ಪದರಲ್ಲಿ, ಸುತ್ತ ಕೆತ್ತೆ ತೆಗದರೆ ಬೇರು ಉಪವಾಸ ಬಿದ್ದು ಸಾಯ್ತು ಹೇಳಿ ಪುಸ್ತಕಲ್ಲಿ ಈಗ ಓದುದೂ ಇದನ್ನೇ. ಈಗ ಸರಕಾರದ ಔಷಧೀಯ ಗೆಡುಗಳ ಮಂಡಳಿಯವು ಹೇಳುವ ಕೊಯ್ಲಿನ ಕ್ರಮವೂ ಅದೇ: ಉದ್ದ ಪಟ್ಟಿ, ಒಂದು ಹೊಡೆ ಮಾತ್ರ, ಗಾಯ ಮಾಯ್ವಲೆ ಬಿಡೆಕ್ಕು.

ಅಜ್ಜಿ ಹೋಗಿ ಎರಡು ವರ್ಷ ಆದ ಮತ್ತೆ ತೋಟವ ನೋಡಿಗೊಂಬಲೆ ಜನ ಕಮ್ಮಿ ಆತು. ಒಂದು ಬೇಸಗೆಲಿ ಕೆತ್ತೆ ಅಂಗಡಿಗೆ ಕೊಡುವ ಜನಂಗೊ ಬಂದು ಮಾವನತ್ರೆ ಕೇಳಿದವಾಡ. ಮಾವ "ರಜ್ಜ ತೆಕ್ಕೊಳ್ಳಿ" ಹೇಳಿದವು. ಅವಕ್ಕೆ ರಜ್ಜ ಹೇಳಿರೆ ಎಷ್ಟು ಹೇಳಿ ಅಳತೆ ಇತ್ತಿಲ್ಲೆ. ಬುಡಂದ ಆಳೆತ್ತರಕ್ಕೆ ಸುತ್ತ ಸೊಲುದು ತೆಕ್ಕೊಂಡು ಹೋದವು. ಸಿಕ್ಕಿದ ಪೈಸೆ ಒಂದು ಹೊತ್ತಿನ ಮೀಸೆಗಡ್ಡ ತೆಗೆಶುಲೂ ಸಾಲ ಹೇಳಿ ಮಾವ ಮತ್ತೆ ಬೇಜಾರಿಲಿ ಹೇಳಿಗೊಂಡವು. ಆ ಮಳೆಗಾಲ ಮರ ಒಂದರಿ ಚಿಗುರಿತ್ತು. ಮತ್ತಾಣ ಬೇಸಗೆಲಿ ಒಣಗಿತ್ತು. ಆನು ಹೋಪಗ ಅದು ಸೌದಿ ಆಗಿ ಕೊಟ್ಟಗೆಯ ಕರೆಲಿ ಬಿದ್ದೊಂಡಿತ್ತು.

ಇದು ಎಂಗಳ ಮನೆಯ ಕತೆ ಮಾತ್ರ ಅಲ್ಲ. ದೇಶಲ್ಲಿ ಅಶೋಕದ ಕೆತ್ತೆಗೆ ವರ್ಷಕ್ಕೆ ಸಾವಿರ ಟನ್ನಿಂದ ಮೇಲೆ ಬೇಡಿಕೆ ಇದ್ದು. ಪಶ್ಚಿಮಘಟ್ಟದ ಹಸುರು ಕಾಡಿಲಿ, ತೋಡಿನ ಕರೆಲಿ ಬೆಳವ ಮರ ಇದು. ಅಷ್ಟು ಕೆತ್ತೆ ಕಾಡಿಂದ ಸೊಲುದರೆ ಮರ ಒಳಿತ್ತೋ? 1998ರಲ್ಲೇ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದರ ಅಪಾಯಲ್ಲಿ ಇಪ್ಪ ಮರಂಗಳ ಪಟ್ಟಿಗೆ ಸೇರ್ಸಿತ್ತು. ಮರ ಕಮ್ಮಿ ಆತು, ಬೇಡಿಕೆ ಕಮ್ಮಿ ಆಯಿದಿಲ್ಲೆ. ಅಂಬಗ ಎಂತ ಆವ್ತು? ಬೇರೆ ಮರದ ಕೆತ್ತೆ ಬಂದು ಸೇರ್ತು. 2016ರಲ್ಲಿ ಬೆಂಗಳೂರಿನ ವಿಜ್ಞಾನಿಗೊ ಅಂಗಡಿಗಳಲ್ಲಿ ಅಶೋಕ ಹೇಳಿ ಮಾರುವ ಕೆತ್ತೆಯ ತಂದು ಡಿಎನ್‌ಎ ಪರೀಕ್ಷೆ ಮಾಡಿ ಒಂದು ವರದಿ ಕೊಟ್ಟವು. ನೂರರಲ್ಲಿ ಎಂಬತ್ತರಿಂದ ಹೆಚ್ಚು ಅಶೋಕವೇ ಅಲ್ಲ! ಗೇಟಿನ ಕರೆಯ ಕಂಬದ ಮರದ ಕೆತ್ತೆಯನ್ನೂ ಅಶೋಕ ಹೇಳಿ ಸೇರ್ಸುದು ಹಳೇ ಅಭ್ಯಾಸ. ಹೆಸರಿನ ಒಂದು ತಪ್ಪು ಕಷಾಯದ ಗ್ಲಾಸಿನ ವರೆಗೆ ಬಂದು ಮುಟ್ಟಿತ್ತು.

ಈಗ ಹೇಳ್ಲೆ ರಜ್ಜ ಕಷ್ಟ ಅಪ್ಪ ಮಾತು. ಎನ್ನ ಚಿಕ್ಕಮ್ಮಂಗೆ ನಲ್ವತ್ತಾರು ವರ್ಷ ಅಪ್ಪಗ ತಿಂಗಳಿಲಿ ಹತ್ತು ಹನ್ನೆರಡು ದಿನ ಹೋಪಲೆ ಸುರುವಾತು. "ಈ ಪ್ರಾಯಲ್ಲಿ ಹಾಂಗೆಯೇ" ಹೇಳಿ ಎಲ್ಲೋರೂ ಹೇಳಿದೆಯೊ°, ಆನೂ ಹೇಳಿದೆ. ಪೇಟೆಯ ಅಂಗಡಿಂದ ಅಶೋಕದ ಕೆತ್ತೆ ಹೇಳಿ ತಂದು ಎಂಟು ತಿಂಗಳು ಕಷಾಯ ಕುಡುದವು. ಅದು ಅಶೋಕವೋ, ಎಂತ ಮರದ್ದೋ, ಆ ದೇವರಿಂಗೇ ಗೊಂತು. ಒಂದು ದಿನ ಬಾವಿಂದ ನೀರು ಎಳವಗ ಕಣ್ಣು ಕತ್ತಲೆ ಬಂದು ಕೂದವು. ಆಸ್ಪತ್ರೆಗೆ ಕರಕ್ಕೊಂಡು ಹೋದರೆ ಹಿಮೋಗ್ಲೋಬಿನ್ 6. ಹೆಮ್ಮಕ್ಕೊಗೆ 12ರಿಂದ ಕಮ್ಮಿ ಅಪ್ಪಲಾಗ. ಸ್ಕೇನ್ ಮಾಡುವಗ ಗರ್ಭಕೋಶಲ್ಲಿ ಗೆಡ್ಡೆ ಕಂಡತ್ತು. ನೆತ್ತರು ಕೊಟ್ಟು, ಮತ್ತೆ ಆಪರೇಶನ್ ಮಾಡಿದವು. ಪುಣ್ಯಕ್ಕೆ ಕೆಟ್ಟ ಗೆಡ್ಡೆ ಅಲ್ಲ. ಈಗ ಗಟ್ಟಿ ಇದ್ದವು, ಕಳುದ ತಿಂಗಳು ಹಪ್ಪಳ ಮಾಡ್ಲೆ ಎಂಗಳಲ್ಲಿಗೇ ಬಂದಿತ್ತವು. ಇದರ ಬರೆವಲೆ ಅವರತ್ರೆ ಕೇಳಿದೆ. "ಬರೆ, ಹೆಸರು ಹಾಕೆಡ, ಎಂಟು ತಿಂಗಳು ಹೇಳುದರ ಬಿಡೆಡ" ಹೇಳಿದವು.

ಆಯುರ್ವೇದ ಲೊಟ್ಟೆ ಹೇಳಿ ಆನು ಹೇಳ್ತಿಲ್ಲೆ. ಚಕ್ರಪಾಣಿದತ್ತನ ಕಾಲಂದ ಹೆಮ್ಮಕ್ಕೊಗೆ ಕೊಟ್ಟ ಮದ್ದಿನ ತೆಗದು ಇಡ್ಕುಲೆ ಆನು ಆರು? ಆದರೆ ವೈದ್ಯರು ನಾಡಿ ನೋಡಿ ಕೊಡುವ ಮದ್ದು ಬೇರೆ, ನಾವು ಗುರ್ತ ಇಲ್ಲದ್ದ ಕೆತ್ತೆಯ ಕೊದಿಶಿ ಕುಡಿವದು ಬೇರೆ. ಪ್ಯಾಡು ಗಂಟೆಗೊಂದು ಚೆಂಡಿ ಅಪ್ಪಷ್ಟು ಹೋದರೆ, ಏಳೆಂಟು ದಿನ ಕಳುದೂ ನಿಲ್ಲದ್ದರೆ, ಮುಟ್ಟು ನಿಂದು ವರ್ಷ ಕಳುದ ಮತ್ತೆ ಒಂದು ತೊಟ್ಟು ಕಂಡರೂ, ಸುರುವಿಂಗೆ ಡಾಕ್ಟ್ರ ಹತ್ತರೆ ಹೋಯೆಕ್ಕು. ಬಸರಿ ಹೆಮ್ಮಕ್ಕೊ ವೈದ್ಯರತ್ರೆ ಕೇಳದ್ದೆ ಈ ಮದ್ದು ಮುಟ್ಲೇ ಆಗ. ಕೆತ್ತೆ ಮತ್ತೆ, ಪರೀಕ್ಷೆ ಮದಲು.

ಇನ್ನು ಕೊಶಿಯ ಮಾತು. ಅಜ್ಜಿಯ ಮರ ಸಾವದರ ಮದಲಾಣ ಮಳೆಗಾಲಲ್ಲಿ ಎನ್ನ ಅಬ್ಬೆ ಅದರ ಬುಡಂದ ನಾಲ್ಕು ಬಿತ್ತು ಹೆರ್ಕಿ ತಂದಿತ್ತು. ಕೋಡು ಅಗಲ, ಚಪ್ಪಟೆ, ಎಳತ್ತಿಪ್ಪಗ ನೇರಳೆ ಕೆಂಪು. ಒಣಗಿ ಒಡದಪ್ಪಗ ಒಳಂದ ದೊಡ್ಡ ದೊಡ್ಡ ಬಿತ್ತು ಬೀಳ್ತು. ಈ ಬಿತ್ತಿನ ಡಬ್ಬಿಲಿ ಹಾಕಿ ಮಡಗುಲೆ ಎಡಿಯ. ಒಣಗಿರೆ ಸತ್ತತ್ತು. ಬಿದ್ದದರ ಕೂಡ್ಲೇ, ಒಂದು ಇರುಳು ನೀರಿಲಿ ಹಾಕಿಕ್ಕಿ, ಹೊಯಿಗೆ, ಮಣ್ಣು, ಗೊಬ್ಬರ ಕಲಸಿದ ತೊಟ್ಟೆಲಿ ಊರೆಕ್ಕು. ಎರಡು ಮೂರು ವಾರಲ್ಲಿ ಮೊಳಕ್ಕೆ ಬತ್ತು. ಅಬ್ಬೆಯ ನಾಲ್ಕರಲ್ಲಿ ಮೂರು ಹುಟ್ಟಿತ್ತು.

ಸುರುವಾಣ ವರ್ಷ ಸೆಸಿಗೆ ಬೆಶಿಲು ಆಗ. ಕಾಡಿಲಿ ದೊಡ್ಡ ಮರಂಗಳ ಅಡಿಲಿ ಹುಟ್ಟುವ ಜಾತಿ ಅಲ್ಲದಾ, ಹಾಂಗಾಗಿ ಅರ್ಧ ನೆಳಲು ಬೇಕು. ಒಂದು ವರ್ಷ ತೊಟ್ಟೆಲಿ ಬೆಳದ ಸೆಸಿಯ ಮರುವರ್ಷ ಮಳೆ ಹಿಡುದಪ್ಪಗ ಎರಡಡಿ ಗುಂಡಿ ತೆಗದು, ಒಣಗಿದ ಎಲೆ, ಹಟ್ಟಿಗೊಬ್ಬರ ಹಾಕಿ ನೆಡೆಕ್ಕು. ಒಂದರಿಂದ ಇನ್ನೊಂದಕ್ಕೆ ಹದಿನೈದು ಅಡಿ ಇದ್ದರೆ ಒಳ್ಳೆದು. ತೋಡಿನ ಕರೆ, ಬಾವಿಕಟ್ಟೆಯ ನೀರು ಹೋಪ ಹೊಡೆ, ಅಡಕ್ಕೆ ತೋಟದ ಅಂಚು — ಇದೆಲ್ಲ ಅದಕ್ಕೆ ಅಪ್ಪ ಜಾಗೆ. ಸುರುವಾಣ ಮೂರು ನಾಲ್ಕು ಬೇಸಗೆಲಿ ನೀರು ತಪ್ಪುಸುಲಾಗ. ಆರೇಳು ವರ್ಷಲ್ಲಿ ಹೂಗು ಬಪ್ಪಲೆ ಸುರುವಕ್ಕು. ಕೆತ್ತೆ ತೆಗವಲೆ ಮಾತ್ರ ಹದಿನೈದು ಇಪ್ಪತ್ತು ವರ್ಷ ಕಾಯೆಕ್ಕು. ಅಡಕ್ಕೆಯ ಹಾಂಗೆ ಲಾಭದ ಲೆಕ್ಕ ಹಾಕಿರೆ ಇದು ಹೊಂದ. ಮಗಳ ಕಾಲಕ್ಕೆ ಹೇಳಿ ನೆಡುವ ಮರ ಇದು.

ಅಬ್ಬೆಯ ಮೂರು ಸೆಸಿಲಿ ಒಂದು ಅಜ್ಜನಮನೆಯ ಅದೇ ಜಾಗೆಲಿ, ಮಾವನೇ ಗುಂಡಿ ತೆಗದು ನೆಟ್ಟವು. ಒಂದು ಚಿಕ್ಕಮ್ಮನಲ್ಲಿ ಇದ್ದು. ಇನ್ನೊಂದು ಎಂಗಳ ಮನೆಯ ಹಿಂದೆ, ಬಾವಿಯ ಹತ್ತರೆ. ಬಿ.ಸಿ.ರೋಡಿಂದ ಅಡ್ಡಹೊಳೆಗೆ ಹೋಪ ಹೆದ್ದಾರಿ ಅಗಲ ಮಾಡುವಗ ಮೆಲ್ಕಾರಿಂದ ಕಲ್ಲಡ್ಕ ಹೊಡೆಂಗೆ ಮಾರ್ಗದ ಕರೆಯ ಸುಮಾರು ಮರಂಗೊ ಹೋತು. ಎಂಗಳ ಗೇಟಿನ ಕಂಬದ ಮರಂಗಳೂ ಹೋತು. ಧೂಳು ಒಳ ಬಪ್ಪಗ ಅದರ ಬೆಲೆ ಎಂತ ಹೇಳಿ ಗೊಂತಾತು. ಪಾಪ, ಅಶೋಕ ಅಲ್ಲದ್ದರೂ ಅದು ತನ್ನ ಕೆಲಸ ಮಾಡಿಗೊಂಡಿತ್ತು. ಹಿಂದಾಣ ಅಶೋಕ ಆರ ಕಣ್ಣಿಂಗೂ ಬೀಳದ್ದೆ ಒಳುದತ್ತು.

ಅದು ಈ ವರ್ಷ ಮೀನ ತಿಂಗಳಿಲಿ ಸುರುವಾಣ ಹೂಗು ಬಿಟ್ಟತ್ತು. ಏಳು ಗೊಂಚಲು. ಮಗಳು ಮೊಬೈಲಿಲಿ ಪಟ ತೆಗದು ಹಾಸ್ಟೆಲಿನ ಕೂಸುಗೊಕ್ಕೆಲ್ಲ ಕಳುಸಿತ್ತು. ಆನು ಒಂದು ಮುಷ್ಟಿ ಹೂಗು ಕೊಯ್ದು ಅಜ್ಜಿಯ ಹಾಂಗೆ ತಂಬುಳಿ ಮಾಡಿದೆ. ಒಗರು ಅಷ್ಟೇ ಇತ್ತು. "ಒಂದು ಸೌಟು ಜಾಸ್ತಿ ಉಣ್ಣು" ಹೇಳಿದೆ. ಮಗಳು "ಎಂತಗೆ?" ಕೇಳಿತ್ತು. ಎಂಗೊ ಅಜ್ಜಿಯತ್ರೆ ಕೇಳದ್ದರ ಅದು ಕೇಳಿತ್ತು. ಬಳುಸುದರ ನಿಲ್ಸಿ, ಹತ್ತರೆ ಕೂದು, ಚಿಕ್ಕಮ್ಮನ ಎಂಟು ತಿಂಗಳು ಸಮೇತ ಎಲ್ಲವನ್ನೂ ಹೇಳಿದೆ.

ಬಸ್‌ಸ್ಟೇಂಡಿನ ಅಕ್ಕಾ, ಇದರ ಓದಿದ್ದರೆ ಬಪ್ಪ ವಾರ ಒಂದರಿ ಮನೆಗೆ ಬನ್ನಿ. ಡಾಕ್ಟ್ರ ಹತ್ತರೆ ಹೋಪಲೆ ಜೊತೆ ಬೇಕಾದರೆ ಆನು ಬತ್ತೆ. ಬಪ್ಪಗ ಒಂದು ತೊಟ್ಟೆ ಮಣ್ಣು ತನ್ನಿ. ಈ ಮಳೆಗಾಲ ಬಿತ್ತು ಬಿದ್ದರೆ ಸುರುವಾಣದ್ದು ನಿಂಗೊಗೆ.